ಕೈಗಡಿಯಾರಕ್ಕೆ ತಕ್ಕ ಪಟ್ಟಿ

ಕೈಗಡಿಯಾರವನ್ನು ಕೊಳ್ಳಲು ಹೋದವರು ಅದರ ಮುಖವನ್ನು ನೋಡುತ್ತಾರೆ, ಮುಳ್ಳುಗಳನ್ನು ನೋಡುತ್ತಾರೆ, ಒಳಗಿನ ಯಂತ್ರ ಯಾವ ದೇಶದ್ದೆಂದು ವಿಚಾರಿಸುತ್ತಾರೆ. ಕೆಲವರು ಕಿವಿಗೆ ಹಿಡಿದು ಅದರ ಸದ್ದನ್ನೂ ಆಲಿಸುತ್ತಾರೆ. ಆದರೆ ಅದನ್ನು ಕೈಗೆ ಕಟ್ಟಿ ನಿಲ್ಲಿಸತಕ್ಕ ಪಟ್ಟಿಯ ವಿಷಯದಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳುವವರು ಬಹು ವಿರಳ. ಅಂಗಡಿಯವನು ಯಾವುದನ್ನು ತೊಡಿಸಿ ಕೊಟ್ಟನೋ ಅದೇ ಸರಿ. ಅದು ಹರಿದುಹೋದ ದಿನ, ಪೇಟೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತಿರುವ ರಿಪೇರಿಯವನ ಮುಂದೆ ಗಡಿಯಾರವನ್ನು ಇಟ್ಟು, “ಒಂದು ಬೆಲ್ಟು ಹಾಕಿಕೊಡಪ್ಪ” ಎಂದರೆ ವ್ಯವಹಾರ ಮುಗಿಯಿತು. ಯಾವ ಅಗಲದ್ದು, ಯಾವ ಪದಾರ್ಥದ್ದು, ಹಳೆಯ ಪಿನ್ನುಗಳು ಇನ್ನೂ ಗಟ್ಟಿಯಾಗಿವೆಯೆ ಎಂಬ ವಿಚಾರಣೆ ಅಲ್ಲಿ ನಡೆಯುವುದೇ ಇಲ್ಲ.

ಈ ಉದಾಸೀನ ಸಲ್ಲದು. ಗಡಿಯಾರದ ಅಂಗಗಳಲ್ಲೆಲ್ಲ ನಮ್ಮ ಮೈಗೆ ಅತ್ಯಂತ ಹೆಚ್ಚಾಗಿ ತಗಲಿಕೊಂಡಿರುವುದು ಪಟ್ಟಿಯೇ. ಬೆವರು, ಸಾಬೂನು, ಮಳೆನೀರು, ಧೂಳು ಇವೆಲ್ಲವೂ ಮೊದಲು ಸೇರುವುದು ಅದರೊಳಕ್ಕೆ. ಅದು ಮೈಗೆ ಒಗ್ಗದಿದ್ದರೆ ನವೆಯೂ ಗಂದೆಯೂ ನಮ್ಮ ಪಾಲಿಗೆ ಬರುತ್ತವೆ. ಇದಲ್ಲದೆ, ಗಡಿಯಾರದ ಬೆಲೆ ಸಾವಿರ ರೂಪಾಯಿಯಾಗಲಿ ಲಕ್ಷ ರೂಪಾಯಿಯಾಗಲಿ, ಅದು ನೆಲಕ್ಕೆ ಬೀಳದಂತೆ ಹಿಡಿದಿರುವುದು ಆ ಪಟ್ಟಿ ಮತ್ತು ಅದರ ತುದಿಗಳಲ್ಲಿ ಅಡಗಿರುವ, ಎರಡು ಮಿಲಿಮೀಟರ್ ದಪ್ಪವೂ ಇಲ್ಲದ ಎರಡು ಪಿನ್ನುಗಳು.

ನಮ್ಮ ಸೀಮೆಯವರಿಗೆ ಈ ಎರಡನೆಯ ಮಾತು ಇನ್ನಷ್ಟು ಹತ್ತಿರದ್ದು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದೊಡನೆ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಸ್ಥಾಪಿತವಾಯಿತು. ಜನತಾ, ಸೋನಾ, ಪೈಲಟ್, ಕಾಂಚನ್ ಎಂಬ ಹೆಸರಿನ ಎಚ್.ಎಂ.ಟಿ. ಗಡಿಯಾರಗಳು ಮದುವೆಯ ಉಡುಗೊರೆಯಾಗಿ, ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೆ ಬಹುಮಾನವಾಗಿ, ಮೊದಲ ಸಂಬಳದ ಗುರುತಾಗಿ ಮನೆಮನೆಯನ್ನೂ ಸೇರಿದುವು. ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚುವುದಕ್ಕೆ ಕೇಂದ್ರ ಸಚಿವಸಂಪುಟವು ೨೦೧೬ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ತಂದೆಯ ಅಥವಾ ತಾತನ ಕೈಯಲ್ಲಿದ್ದ ಅಂಥ ಗಡಿಯಾರವನ್ನು ಈಗ ಕಟ್ಟಿಕೊಳ್ಳುವವರು ಅನೇಕರಿದ್ದಾರೆ. ಯಂತ್ರವನ್ನು ತೊಳೆಸಿ ಎಣ್ಣೆ ಹಾಕಿಸುವುದಕ್ಕೆ ಅವರು ಹಣವನ್ನು ಖರ್ಚು ಮಾಡುತ್ತಾರೆ. ಪಟ್ಟಿಗೆ ಬಂದಾಗ ಮಾತ್ರ ಕೈ ಹಿಂದೆ ಸರಿಯುತ್ತದೆ. ಬಸ್ಸಿನ ಮೆಟ್ಟಿಲ ಮೇಲೆ ಆ ಗಡಿಯಾರ ಕಳಚಿ ಬಿದ್ದರೆ ತೊಳೆಸಿದ ಹಣವೂ ಹೋಯಿತು, ತಾತನ ಗಡಿಯಾರವೂ ಹೋಯಿತು.

ಪಟ್ಟಿಯ ಪೂರ್ವವೃತ್ತಾಂತವನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಗಂಡಸರ ಗಡಿಯಾರದ ಸ್ಥಾನ ಜೇಬು. ಅದಕ್ಕೆ ಸರಪಣಿ ಇತ್ತೇ ಹೊರತು ಪಟ್ಟಿ ಇರಲಿಲ್ಲ. ಮಣಿಕಟ್ಟಿನ ಮೇಲೆ ಗಡಿಯಾರವನ್ನು ಧರಿಸುವುದು ಹೆಂಗಸರ ಆಭರಣವೆಂದೇ ಗಣನೆಯಾಗಿತ್ತು. ಸ್ವಿಟ್ಸರ್ಲೆಂಡಿನ ಪಾಟೆಕ್ ಫಿಲಿಪ್ ಕಂಪೆನಿಯವರು ೧೮೬೮ರಲ್ಲಿ ಹಂಗೆರಿಯ ಒಬ್ಬ ಶ್ರೀಮಂತ ಮಹಿಳೆಗಾಗಿ ಮಾಡಿದ ಗಡಿಯಾರವು ನಿಜವಾಗಿ ಒಂದು ಬಳೆ. ಅದರ ನಡುವೆ ಗಡಿಯಾರವನ್ನು ಕೂಡಿಸಿದ್ದರು. ೧೮೯೯ರಿಂದ ೧೯೦೨ರ ವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಕುದುರೆಯ ಮೇಲಿನ ಅಧಿಕಾರಿಗಳಿಗೆ ಜೇಬಿನಿಂದ ಗಡಿಯಾರವನ್ನು ತೆಗೆದು ನೋಡಲು ಕೈ ಬಿಡುವಾಗದೆ ಹೋಯಿತು. ಅವರು ಜೇಬುಗಡಿಯಾರವನ್ನೇ ಒಂದು ಚರ್ಮದ ಬಟ್ಟಲಿನಲ್ಲಿ ಸೇರಿಸಿ ಕೈಗೆ ಬಿಗಿದುಕೊಂಡರು. ೧೯೦೪ರಲ್ಲಿ ಪ್ಯಾರಿಸ್ಸಿನ ಕಾರ್ಟಿಯೇ ತನ್ನ ಸ್ನೇಹಿತ, ಬ್ರೆಜಿಲಿನ ವಿಮಾನಿ ಸಾಂಟೋಸ್-ಡ್ಯುಮೊಂಟನಿಗಾಗಿ ಚರ್ಮದ ಪಟ್ಟಿಯ ಕೈಗಡಿಯಾರವನ್ನು ಮಾಡಿಕೊಟ್ಟನು. ವಿಮಾನವನ್ನು ನಡೆಸುವವನ ಎರಡು ಕೈಗಳಿಗೂ ಕೆಲಸವಿರುತ್ತದಲ್ಲವೆ? ಬಳಿಕ ಬಂದ ೧೯೧೪ರ ಮಹಾಯುದ್ಧದ ಕಂದಕಗಳಲ್ಲಿ ಕೈಗಡಿಯಾರವು ಗಂಡಸಿನ ಉಪಕರಣವಾಗಿ ನೆಲೆನಿಂತಿತು. ಆಗಿನ ಗಡಿಯಾರಗಳ ಒಡಲಿಗೆ ತಂತಿಯ ಬಳೆಗಳನ್ನು ಬೆಸೆದು, ಅವುಗಳ ಮೂಲಕ ಚರ್ಮದ ಪಟ್ಟಿಯನ್ನು ಹಾಯಿಸುತ್ತಿದ್ದರು. ಕೈಯ ಕೆಲಸಕ್ಕಾಗಿ ಪಟ್ಟಿ ಹುಟ್ಟಿತು ಎಂಬುದು ಈ ಕಥೆಯಲ್ಲಿ ನಮಗೆ ಬೇಕಾದ ಅಂಶ. ಪಟ್ಟಿಯನ್ನು ಆರಿಸುವಾಗ ‘ಇದು ಚೆನ್ನಾಗಿ ಕಾಣುತ್ತದೆಯೆ’ ಎಂಬುದಕ್ಕೆ ಮೊದಲು ‘ಈ ಕೈ ದಿನವೆಲ್ಲ ಏನು ಮಾಡುತ್ತದೆ’ ಎಂದು ಕೇಳಿಕೊಳ್ಳಬೇಕಾದದ್ದು ಇದರಿಂದಲೇ.

ಇನ್ನು ಅಳತೆಯ ವಿಚಾರ. ಗಡಿಯಾರದ ಒಡಲಿನಿಂದ ಮೇಲೆ ಎರಡು, ಕೆಳಗೆ ಎರಡು ಕೊಂಬುಗಳು ಚಾಚಿಕೊಂಡಿರುತ್ತವೆ. ವ್ಯಾಪಾರಿಗಳು ಇವನ್ನು ಲಗ್ಗುಗಳೆನ್ನುತ್ತಾರೆ. ಎರಡು ಕೊಂಬುಗಳ ನಡುವಣ ಒಳ ಅಂತರವೇ ಪಟ್ಟಿಯ ಅಗಲ. ಇದನ್ನು ಮಿಲಿಮೀಟರಿನಲ್ಲಿ ಹೇಳುವುದು ವಾಡಿಕೆ: ಹೆಂಗಸರ ಸಣ್ಣ ಗಡಿಯಾರಗಳಿಗೆ ೧೨ ಅಥವಾ ೧೪, ಹಳೆಯ ಎಚ್.ಎಂ.ಟಿ. ಗಂಡಸರ ಗಡಿಯಾರಗಳಿಗೆ ಸಾಮಾನ್ಯವಾಗಿ ೧೮, ಈಚಿನ ದೊಡ್ಡ ಗಡಿಯಾರಗಳಿಗೆ ೨೦ ಅಥವಾ ೨೨. ಶಾಲೆಯ ಮಕ್ಕಳ ಅಳತೆಪಟ್ಟಿಯಿಂದಲೇ ಇದನ್ನು ಅಳೆಯಬಹುದು. ಅಳೆಯುವಾಗ ಹಳೆಯ ಪಟ್ಟಿಯನ್ನು ಬಿಚ್ಚಿ ಕೊಂಬುಗಳ ನಡುವೆಯೇ ಅಳೆಯಬೇಕು. ಪಟ್ಟಿಯನ್ನು ಅಳೆದರೆ ಹಿಂದಿನವನು ಮಾಡಿದ ತಪ್ಪೇ ಮುಂದುವರಿದೀತು.

ಅಗಲದಲ್ಲಿ ಒಂದು ಮಿಲಿಮೀಟರಿನ ವ್ಯತ್ಯಾಸವಾದರೆ ಏನಾಯಿತು ಎನ್ನುವವರುಂಟು. ಪಟ್ಟಿ ಅಗಲವಾಗಿದ್ದರೆ ಅದರ ಅಂಚು ಕೊಂಬಿಗೆ ಉಜ್ಜಿ ನಾರುನಾರಾಗುತ್ತದೆ. ಕಿರಿದಾಗಿದ್ದರೆ ಪಿನ್ನಿನ ಮೇಲೆ ಅತ್ತಿತ್ತ ಸರಿದಾಡುತ್ತದೆ. ಹಾಗೆ ಸರಿಯುವಾಗಲೆಲ್ಲ ಎಳೆತ ಪಿನ್ನಿನ ಒಂದೇ ಕಡೆಗೆ ಬಿದ್ದು, ಅದರ ತುದಿಯ ಮೊಳೆ ಬಾಗುತ್ತದೆ. ೧೯೬೪ರಲ್ಲಿ ತೆರೆಕಂಡ ‘ಗೋಲ್ಡ್‌ಫಿಂಗರ್’ ಎಂಬ ಇಂಗ್ಲಿಷ್ ಚಲಚ್ಚಿತ್ರದಲ್ಲಿ ನಾಯಕನು ಸಿಗರೇಟು ಲೈಟರಿನ ಬೆಳಕಿನಲ್ಲಿ ತನ್ನ ಗಡಿಯಾರವನ್ನು ನೋಡುವ ಸಂದರ್ಭವೊಂದಿದೆ. ಅವನು ಕಟ್ಟಿಕೊಂಡಿದ್ದ ಗೆರೆಗೆರೆಯ ಬಟ್ಟೆಪಟ್ಟಿಯು ಕೊಂಬುಗಳ ಅಂತರಕ್ಕಿಂತ ಎಷ್ಟೋ ಕಿರಿದಾಗಿದ್ದು, ಪಿನ್ನು ಎರಡು ಪಕ್ಕದಲ್ಲೂ ಬರಿದಾಗಿ ಕಾಣುತ್ತದೆ. ಪ್ರಪಂಚವೆಲ್ಲ ನೋಡಿ ಮೆಚ್ಚಿದ ಚಿತ್ರವಾದುದರಿಂದ ಆ ಪಟ್ಟಿಯೂ ಪ್ರಸಿದ್ಧಿಗೆ ಬಂದು, ಅದೇ ಬಣ್ಣದ ಗೆರೆಗಳ ಪಟ್ಟಿಗಳು ಅಂದಿನಿಂದ ಮಾರಾಟವಾಗುತ್ತಿವೆ. ಗೆರೆಗಳನ್ನು ಅನುಕರಿಸುವುದಕ್ಕೆ ಅಡ್ಡಿಯಿಲ್ಲ. ಅಗಲವನ್ನು ಅನುಕರಿಸುವುದು ಬೇಡ.

ಈಗ ಪಿನ್ನಿನ ಮಾತು. ಇದು ಟೊಳ್ಳಾದ ಒಂದು ಸಣ್ಣ ಕೊಳವೆ. ಒಳಗೆ ಸ್ಪ್ರಿಂಗು, ಎರಡು ತುದಿಗಳಲ್ಲೂ ಒಳಕ್ಕೆ ಒತ್ತಬಹುದಾದ ಮೊಳೆ. ಕೊಂಬಿನ ಒಳಮೈಯಲ್ಲಿರುವ ಕುಳಿಗೆ ಆ ಮೊಳೆ ಹೊಕ್ಕು ನಿಲ್ಲುತ್ತದೆ. ಬೆವರಿನ ಉಪ್ಪು ಈ ಕೊಳವೆಯೊಳಕ್ಕೆ ಇಳಿದು, ಸ್ಪ್ರಿಂಗು ತುಕ್ಕು ಹಿಡಿದು ಸಡಿಲವಾಗುವುದು ಹೊರಗೆ ಕಾಣುವುದಿಲ್ಲ. ಗಡಿಯಾರ ಕೈಯಿಂದ ಬಿದ್ದಾಗ ಜನರು ದೂರುವುದು ಪಟ್ಟಿಯನ್ನು. ಅನೇಕ ವೇಳೆ ಪಟ್ಟಿ ಹರಿದಿರುವುದೇ ಇಲ್ಲ, ಪಿನ್ನು ಕೈಕೊಟ್ಟಿರುತ್ತದೆ. ಗಡಿಯಾರದಲ್ಲೆಲ್ಲ ಅತ್ಯಂತ ಅಗ್ಗವಾದ ಭಾಗ ಇದು. ಆದಕಾರಣ ಪಟ್ಟಿಯನ್ನು ಬದಲಾಯಿಸಿದಾಗಲೆಲ್ಲ ಹೊಸ ಪಿನ್ನುಗಳನ್ನೇ ಹಾಕಿಸತಕ್ಕದ್ದು. ರಿಪೇರಿಯವನು ಹಳೆಯದನ್ನೇ ಒರೆಸಿ ಹಾಕಲು ಹೊರಟರೆ ಸಂಕೋಚಪಡದೆ ಬೇಡವೆನ್ನಬೇಕು. ಹೊಸದನ್ನು ಹಾಕಿದ ಮೇಲೆ ಪಟ್ಟಿಯನ್ನು ಹಿಡಿದು ಒಂದು ಸಲ ಬಲವಾಗಿ ಎಳೆದು ನೋಡುವುದು ಒಳ್ಳೆಯದು. ಮೊಳೆ ಕುಳಿಯಲ್ಲಿ ಸರಿಯಾಗಿ ಕೂಡದಿದ್ದರೆ ಅದು ಅಂಗಡಿಯ ಮೇಜಿನ ಮೇಲೆಯೇ ಕಳಚಿ ಬರಲಿ.

ಪಿನ್ನಿನ ಈ ದೌರ್ಬಲ್ಯಕ್ಕೆ ಸೈನ್ಯದವರು ಕಂಡುಕೊಂಡ ಉಪಾಯ ಬಹು ಸರಳವಾದುದು. ಮಾಮೂಲಿ ಪಟ್ಟಿಯಲ್ಲಿ ಎರಡು ತುಂಡುಗಳು, ಒಂದೊಂದು ಒಂದೊಂದು ಪಿನ್ನಿಗೆ ತೂಗಿಕೊಂಡಿರುತ್ತದೆ. ಒಂದು ಪಿನ್ನು ಮುರಿದರೆ ಎಲ್ಲವೂ ಬಿತ್ತು. ಇದಕ್ಕೆ ಬದಲಾಗಿ ಒಂದೇ ಉದ್ದನೆಯ ನೈಲಾನ್ ಪಟ್ಟಿಯನ್ನು ಮೇಲಿನ ಪಿನ್ನಿನ ಹಿಂದೆ ತೂರಿಸಿ, ಗಡಿಯಾರದ ಬೆನ್ನಿನ ಕೆಳಗೆ ಹಾಯಿಸಿ, ಕೆಳಗಿನ ಪಿನ್ನಿನ ಹಿಂದಿನಿಂದ ಹೊರಕ್ಕೆ ತೆಗೆದರೆ, ಒಂದು ಪಿನ್ನು ಹೋದರೂ ಗಡಿಯಾರ ಇನ್ನೊಂದಕ್ಕೆ ಜೋತುಕೊಂಡು ಕೈಯಲ್ಲಿಯೇ ಉಳಿಯುತ್ತದೆ. ಬ್ರಿಟಿಷ್ ರಕ್ಷಣಾ ಇಲಾಖೆಯು ೧೯೭೩ರಲ್ಲಿ ಇಂಥ ಪಟ್ಟಿಗೆ ಒಂದು ನಿಯಮಪತ್ರವನ್ನೇ ಹೊರಡಿಸಿ, ಬಣ್ಣ ಬೂದಿ, ಅಗಲ ೨೦ ಮಿಲಿಮೀಟರ್ ಎಂದು ಗೊತ್ತುಮಾಡಿತು. ಪೇಟೆಯಲ್ಲಿ ಇದಕ್ಕೆ ನೇಟೋ ಪಟ್ಟಿ ಎಂದು ಹೆಸರು. ಬೆಲೆ ಅಲ್ಪ, ಒಗೆದು ಹಿಂಡಿ ಒಣಹಾಕಬಹುದು, ಮಳೆಗಾಲದಲ್ಲಿ ನೆನೆದರೂ ಬೇಗನೆ ಆರುತ್ತದೆ. ಇದರ ದೋಷವೆಂದರೆ, ಬೆನ್ನಿನ ಕೆಳಗೆ ಬಟ್ಟೆ ಹಾಯುವುದರಿಂದ ಗಡಿಯಾರ ಸ್ವಲ್ಪ ಎತ್ತರವಾಗಿ ಕೂಡುತ್ತದೆ. ತೆಳುವಾದ ಗಡಿಯಾರಕ್ಕೆ ಅದು ಅಷ್ಟು ಒಪ್ಪುವುದಿಲ್ಲ. ಆದರೂ ತಾತನ ಗಡಿಯಾರವನ್ನು ದಿನವೂ ಸ್ಕೂಟರಿನಲ್ಲಿ, ಬಸ್ಸಿನಲ್ಲಿ ಕಟ್ಟಿಕೊಂಡು ಹೋಗಲೇಬೇಕು ಎನ್ನುವವರಿಗೆ ಇದಕ್ಕಿಂತ ಉತ್ತಮವಾದ ಕಾವಲು ನನ್ನ ಅಭಿಪ್ರಾಯದಲ್ಲಿ ಇಲ್ಲ. ತಂತಿಬಳೆಯನ್ನು ಬೆಸೆದಿರುವ ಬಹಳ ಹಳೆಯ ಗಡಿಯಾರಗಳಿಗೂ ಹೀಗೆ ಹಾಯಿಸುವ ಪಟ್ಟಿ ಒದಗುತ್ತದೆ. ಅಲ್ಲಿ ಬಿಚ್ಚುವ ಪಿನ್ನೇ ಇಲ್ಲ.

ಪದಾರ್ಥಗಳ ಪೈಕಿ ಹೆಚ್ಚು ಮಾತಿಗೆ ಆಸ್ಪದವಿರುವುದು ಚರ್ಮಕ್ಕೆ. ಕೈಗೆ ಮೃದು, ನೋಟಕ್ಕೆ ಗಂಭೀರ. ಕಟ್ಟಿಕೊಂಡ ಕೆಲವು ದಿನಗಳಲ್ಲಿಯೇ ಮಣಿಕಟ್ಟಿನ ಬಾಗಿಗೆ ತಾನಾಗಿ ಹೊಂದಿಕೊಳ್ಳುವ ಗುಣ ಬೇರೆ ಯಾವುದಕ್ಕೂ ಅಷ್ಟಾಗಿ ಇಲ್ಲ. ಆದರೆ ಅದರ ಸ್ವಭಾವವೇ ನೀರನ್ನು ಕುಡಿಯುವುದು. ಬೆವರು ಇಳಿದು ಚರ್ಮ ಉಬ್ಬುತ್ತದೆ, ಒಣಗಿದಾಗ ಉಪ್ಪು ಒಳಗೇ ಉಳಿಯುತ್ತದೆ, ಹದಕ್ಕಾಗಿ ಹಾಕಿದ ಜಿಡ್ಡು ಕ್ರಮೇಣ ಹೊರಟುಹೋಗುತ್ತದೆ. ಬಳಿಕ ಮಡಿಚಿದ ಜಾಗದಲ್ಲಿ ಬಿರುಕು, ದುರ್ವಾಸನೆ. ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಚರ್ಮದ ಪಟ್ಟಿಗೆ ಬೂಷ್ಟು ಬರುವುದನ್ನು ನೋಡದವರಿಲ್ಲ.

ಚರ್ಮವನ್ನು ಹೇಗೆ ಹದಮಾಡಿದ್ದಾರೆಂಬುದರ ಮೇಲೆ ಅದರ ಆಯುಸ್ಸು ನಿಂತಿದೆ. ನಮ್ಮ ನಾಡಿನ ಹಳೆಯ ಕ್ರಮದಲ್ಲಿ ತಂಗಡಿಯ ತೊಗಟೆ, ಅಳಲೆಕಾಯಿ ಇವುಗಳ ಒಗರಿನಿಂದ ಚರ್ಮವನ್ನು ಹದಮಾಡುತ್ತಿದ್ದರು. ಅಂಥ ಚರ್ಮ ಗಟ್ಟಿ, ಕಾಲ ಕಳೆದಂತೆ ಅದರ ಬಣ್ಣಕ್ಕೆ ಒಂದು ಕಳೆ ಬರುತ್ತದೆ. ಆದರೆ ನೀರು ತಗಲಿದರೆ ಕಲೆಯಾಗುತ್ತದೆ. ಇನ್ನೊಂದು, ಕ್ರೋಮಿಯಂ ಲವಣಗಳಿಂದ ಹದಮಾಡುವ ಕ್ರಮ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಮದರಾಸಿನಲ್ಲಿ ಪ್ರಯೋಗಕ್ಕೆ ತಂದವರು ಆಲ್ಫ್ರೆಡ್ ಚಾಟರ್ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆಗಳ ಡೈರೆಕ್ಟರಾಗಿ ಬಂದವರೂ ಅವರೇ. ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಬಾನಿಗಳಿಗೆ ಈ ಹದದ ಚರ್ಮವನ್ನು ಆಗ ಉಪಯೋಗಿಸಿ ನೋಡಿದರು. ದಿನವೆಲ್ಲ ನೀರಿನಲ್ಲಿ ಮುಳುಗಿ ಏಳುವ ಬಾನಿಗೆ ಯಾವ ಗುಣ ಬೇಕೋ, ಬೆವರುವ ಕೈಯ ಪಟ್ಟಿಗೂ ಅದೇ ಬೇಕಲ್ಲವೆ? ಆದುದರಿಂದ ಬೆವರು ಹೆಚ್ಚಾಗಿರುವವರು ಕ್ರೋಮ್ ಹದದ ಚರ್ಮವನ್ನು, ಅದರಲ್ಲೂ ಒಳಮೈಗೆ ಬೆವರು ತಡೆಯುವ ಅಸ್ತರಿಯನ್ನು ಕೂಡಿಸಿದ ಪಟ್ಟಿಯನ್ನು ತೆಗೆದುಕೊಳ್ಳುವುದು ಮೇಲು. ಹದ ಸರಿಯಾಗದ ಕಡೆ ಕ್ರೋಮಿಯಮ್ಮಿನ ಕೆಟ್ಟ ರೂಪವೊಂದು ಚರ್ಮದಲ್ಲಿ ಉಳಿದು ಮೈಗೆ ನಂಜಾಗುವುದುಂಟು. ಯೂರೋಪಿನಲ್ಲಿ ೨೦೧೫ರಿಂದ ಇದಕ್ಕೆ ಒಂದು ಕಿಲೋಗ್ರಾಂ ಚರ್ಮಕ್ಕೆ ೩ ಮಿಲಿಗ್ರಾಮಿನ ಮಿತಿಯನ್ನು ಕಾನೂನಿನಿಂದ ವಿಧಿಸಿದ್ದಾರೆ. ರಸ್ತೆಬದಿಯ ಅತಿ ಅಗ್ಗದ ಪಟ್ಟಿಯನ್ನು ಕಟ್ಟಿ ಕೈ ಕೆಂಪಗಾದವರು ಗಡಿಯಾರವನ್ನು ಬಯ್ಯುವುದಕ್ಕೆ ಮೊದಲು ಇದನ್ನು ನೆನೆಯಬಹುದು.

ಮೊಸಳೆಯ ಚರ್ಮದ ಪಟ್ಟಿಗೆ ವಿದೇಶಗಳಲ್ಲಿ ಬಹಳ ಪ್ರತಿಷ್ಠೆ. ನಮ್ಮ ದೇಶದ ಮೊಸಳೆಗಳು ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಆಶ್ರಯದಲ್ಲಿವೆ, ಅವುಗಳ ಚರ್ಮದ ವ್ಯಾಪಾರ ಅಪರಾಧ. ಅಂಗಡಿಯಲ್ಲಿ ‘ಮೊಸಳೆ’ ಎಂದು ಕೊಡುವುದು ಬಹುಮಟ್ಟಿಗೆ ಕರುವಿನ ಅಥವಾ ಎಮ್ಮೆಯ ಚರ್ಮದ ಮೇಲೆ ಅಚ್ಚೊತ್ತಿದ ಚೌಕಗಳು. ಅಚ್ಚಿನ ಚೌಕಗಳೆಲ್ಲ ಒಂದೇ ಸಮವಾಗಿರುತ್ತವೆ. ಪ್ರಕೃತಿ ಅಷ್ಟು ಲೆಕ್ಕಾಚಾರದಿಂದ ಗೆರೆ ಎಳೆಯುವುದಿಲ್ಲ. ಚರ್ಮವನ್ನೇ ಒಲ್ಲದವರೂ ನಮ್ಮಲ್ಲಿ ಅನೇಕರು. ಪೂಜೆಗೆ ಕೂಡುವಾಗ ಗಡಿಯಾರವನ್ನು ಬಿಚ್ಚಿ ಗೂಡಿನಲ್ಲಿಟ್ಟು, ಎದ್ದ ಮೇಲೆ ಎಲ್ಲಿಟ್ಟೆವೆಂದು ಮನೆಯವರನ್ನೆಲ್ಲ ಎಬ್ಬಿಸುವ ಹಿರಿಯರಿಗೆ ಬಟ್ಟೆಯ ಅಥವಾ ಲೋಹದ ಪಟ್ಟಿಯೇ ಹಿತ.

ಲೋಹದ ಪಟ್ಟಿ, ಎಂದರೆ ಚೈನು, ನಮ್ಮ ಹವೆಗೆ ಬಹಳ ಮಟ್ಟಿಗೆ ಹೊಂದುತ್ತದೆ. ಬೆವರನ್ನು ಹೀರುವುದಿಲ್ಲ, ತೊಳೆದರೆ ಹೊಸದಾಗುತ್ತದೆ, ವರ್ಷಾನುವರ್ಷ ಬಾಳುತ್ತದೆ. ಆದರೆ ಲೋಹಗಳೆಲ್ಲ ಒಂದೇ ಅಲ್ಲ. ಒಳ್ಳೆಯ ಚೈನುಗಳನ್ನು ೩೧೬ಎಲ್ ಎಂಬ ತುಕ್ಕುಹಿಡಿಯದ ಉಕ್ಕಿನಿಂದ ಮಾಡುತ್ತಾರೆ. ಇದರಲ್ಲಿ ನೂರಕ್ಕೆ ೧೦ರಿಂದ ೧೪ ಪಾಲು ನಿಕ್ಕಲ್ ಇದ್ದರೂ ಅದು ಉಕ್ಕಿನಲ್ಲಿ ಬಂಧಿತವಾಗಿದ್ದು ಮೈಗೆ ಇಳಿಯುವುದು ಅತ್ಯಲ್ಪ. ಅಗ್ಗದ ಚೈನುಗಳಲ್ಲಿ ಹಿತ್ತಾಳೆಯ ಮೇಲೆ ನಿಕ್ಕಲ್ಲಿನ ಲೇಪ, ಅದರ ಮೇಲೆ ಹೊಳಪಿನ ಇನ್ನೊಂದು ಲೇಪ. ಹೊಳಪು ಸವೆದೊಡನೆ ನಿಕ್ಕಲ್ ಬೆವರಿಗೆ ಸಿಕ್ಕುತ್ತದೆ, ಅದೂ ಸವೆದರೆ ಹಿತ್ತಾಳೆಯ ಹಸಿರು ಕಿಲುಬು ತೋಳಿಗೆ ಹತ್ತುತ್ತದೆ. ನಿಕ್ಕಲ್ ಒಗ್ಗದ ಮೈಯುಳ್ಳವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಯೂರೋಪಿನವರು ೧೯೯೪ರಲ್ಲಿ ಮಾಡಿದ ನಿಯಮದ ಪ್ರಕಾರ, ಮೈಗೆ ತಾಗುವ ವಸ್ತುವಿನ ಒಂದು ಚದರ ಸೆಂಟಿಮೀಟರಿನಿಂದ ವಾರಕ್ಕೆ ಅರ್ಧ ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕ್ಕಲ್ ಹೊರಬರಕೂಡದು. ಕಿವಿಯೋಲೆ ಹಾಕಿದರೆ ಕಿವಿ ಸೋರುವವರು, ಬೆಲ್ಟಿನ ಬಕಲು ತಾಗಿದ ಕಡೆ ಹೊಟ್ಟೆಯ ಮೇಲೆ ಗಂದೆ ಏಳುವವರು ಅಗ್ಗದ ಚೈನಿನ ಕಡೆಗೆ ನೋಡಲೇಬಾರದು. ಕೈಯಲ್ಲಿ ಹಣವಿದ್ದರೆ ಶುದ್ಧ ಟೈಟೇನಿಯಮ್ಮಿನದು, ಇಲ್ಲದಿದ್ದರೆ ನೈಲಾನು ಅವರಿಗೆ ಕ್ಷೇಮ. ಆದರೆ ನೈಲಾನಿಗೂ ಲೋಹದ ಬಕಲು ಇರುತ್ತದೆಂಬುದನ್ನು ಮರೆಯಬಾರದು.

ಎಳೆದರೆ ಹಿಗ್ಗುವ ಚೈನೊಂದಿದೆ. ಅಮೆರಿಕದ ಸ್ಪೈಡೆಲ್ ಕಂಪೆನಿಯವರು ೧೯೫೯ರಲ್ಲಿ ಹೊರತಂದ ‘ಟ್ವಿಸ್ಟ್-ಓ-ಫ್ಲೆಕ್ಸ್’ ಎಂಬುದು ಈ ಜಾತಿಯಲ್ಲಿ ಹೆಸರಾಂತದ್ದು. ಕೊಂಡಿಯನ್ನು ಬಿಚ್ಚಿ ಹಾಕುವ ತೊಂದರೆ ಇಲ್ಲದುದರಿಂದ ಬೆರಳುಗಳಲ್ಲಿ ವಾತವಿರುವ ವೃದ್ಧರಿಗೆ ಇದು ನಿಜವಾದ ಉಪಕಾರ. ತೋಳಿನ ಕೂದಲನ್ನು ಕೀಳುತ್ತದೆಂಬ ಅಪವಾದವೂ ಸುಳ್ಳಲ್ಲ. ಇನ್ನು ಅಯಸ್ಕಾಂತದಿಂದ ಅಂಟಿಕೊಳ್ಳುವ ಜಾಲರಿಯಂಥ ಪಟ್ಟಿಗಳು ಈಚೆಗೆ ಪ್ರಚಾರಕ್ಕೆ ಬಂದಿವೆ. ಕೀಲಿ ಕೊಡುವ ಗಡಿಯಾರಕ್ಕೆ ಇವು ಬೇಡ. ಯಂತ್ರದೊಳಗಿನ ಕೂದಲಿನಂಥ ಸುರುಳಿ ಸ್ಪ್ರಿಂಗಿಗೆ ಅಯಸ್ಕಾಂತತ್ವ ಹತ್ತಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗು ಗಿಡ್ಡವಾದಂತಾಗಿ, ಗಡಿಯಾರ ಮುಂದೆ ಮುಂದೆ ಓಡುತ್ತದೆ.

ರಬ್ಬರಿನ ಜಾತಿಯ ಪಟ್ಟಿಗಳಲ್ಲಿ ಸಿಲಿಕೋನ್ ಈಗ ಸರ್ವಸಾಮಾನ್ಯ. ಮೃದು, ಅಗ್ಗ, ನೀರಿಗೆ ಅಂಜದು. ಆದರೆ ಧೂಳನ್ನು ಅಯಸ್ಕಾಂತದಂತೆ ಎಳೆದುಕೊಳ್ಳುತ್ತದೆ, ಅದರ ಕೆಳಗೆ ಗಾಳಿಯಾಡದೆ ಬೆವರು ನಿಲ್ಲುತ್ತದೆ. ದುಬಾರಿ ಕ್ರೀಡಾ ಗಡಿಯಾರಗಳಲ್ಲಿ ಫ್ಲೂರೋಎಲಾಸ್ಟೊಮರ್ ಎಂಬ ಕೃತಕ ರಬ್ಬರನ್ನು ಉಪಯೋಗಿಸುತ್ತಾರೆ. ಜಿಡ್ಡು, ಬೆವರು ಯಾವುದಕ್ಕೂ ಅದು ಬಗ್ಗದು. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ೨೨ ಪಟ್ಟಿಗಳನ್ನು ಪರೀಕ್ಷಿಸಿ ೨೦೨೪ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯಲ್ಲಿ, ಇಂಥ ಕೆಲವು ಪಟ್ಟಿಗಳಿಂದ, ಪರಿಸರದಲ್ಲಿ ಬಹುಕಾಲ ನಾಶವಾಗದೆ ಉಳಿಯುವ ಒಂದು ಫ್ಲೂರಿನ್ ಆಮ್ಲ ಹೆಚ್ಚಿನ ಪ್ರಮಾಣದಲ್ಲಿ ಹೊರಬರುವುದನ್ನು ತೋರಿಸಿದರು. ಕಡಮೆ ಬೆಲೆಯ ಸಿಲಿಕೋನ್ ಪಟ್ಟಿ ವಾಸಿ ಎಂಬುದು ಅವರ ಸಲಹೆ. ಬೆಲೆ ಹೆಚ್ಚಾದದ್ದೇ ಮೈಗೆ ಒಳ್ಳೆಯದೆಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ರಬ್ಬರಿನ ಪಟ್ಟಿ ಯಾವುದಾದರೂ ಆಗಲಿ, ರಾತ್ರಿ ಬಿಚ್ಚಿ ಕೈಯನ್ನೂ ಪಟ್ಟಿಯನ್ನೂ ತೊಳೆದು ಒರೆಸಿದರೆ ಅರ್ಧ ತೊಂದರೆ ನಿವಾರಣೆಯಾಗುತ್ತದೆ.

ಉದ್ದದ ವಿಷಯವನ್ನು ಬೇಗನೆ ಮುಗಿಸಬಹುದು. ಮಾಮೂಲಿ ಪಟ್ಟಿಯ ಉದ್ದನೆಯ ತುಂಡು ಸುಮಾರು ೧೧೫ರಿಂದ ೧೨೦ ಮಿಲಿಮೀಟರ್, ಬಕಲಿರುವ ತುಂಡು ಸುಮಾರು ೭೫. ಕಟ್ಟಿದಾಗ ಬಕಲಿನ ಮುಳ್ಳು ನಡುವಣ ತೂತಿಗೆ ಬಂದರೆ ಉದ್ದ ಸರಿಯಾಗಿದೆಯೆಂದರ್ಥ. ಕೊನೆಯ ತೂತಿಗೆ ಬಂದರೆ ಗಡಿಯಾರ ಕೈಯ ನಡುವೆ ನಿಲ್ಲದೆ ಪಕ್ಕಕ್ಕೆ ವಾಲುತ್ತದೆ. ಬಿಸಿಲಿನಲ್ಲಿ ನಡೆದಾಗ ಮಣಿಕಟ್ಟು ಸ್ವಲ್ಪ ಊದಿಕೊಳ್ಳುವುದರಿಂದ ಅಂಗಡಿಯ ನೆರಳಿನಲ್ಲಿ ಬಿಗಿಯಾಗಿ ಕಟ್ಟಿ ನೋಡಿ ತೃಪ್ತರಾಗಬಾರದು. ಪಟ್ಟಿಯ ಕೆಳಗೆ ಕಿರುಬೆರಳು ತೂರುವಷ್ಟು ಎಡೆ ಬೇಕು. ನಾಡಿಯನ್ನೆಣಿಸುವ ಹೊಸ ಗಡಿಯಾರಗಳು ಮಾತ್ರ ಬೆನ್ನಿನಿಂದ ಬೆಳಕು ಹಾಯಿಸಿ ಅಳೆಯುವುದರಿಂದ ಮೈಗೆ ಒತ್ತಿಕೊಂಡೇ ಇರಬೇಕಾಗುತ್ತದೆ. ಅವನ್ನು ಕಟ್ಟುವವರು ದಿನಕ್ಕೆ ಕೆಲವು ಗಳಿಗೆಯಾದರೂ ಬಿಚ್ಚಿ ಚರ್ಮಕ್ಕೆ ಗಾಳಿ ಕೊಡುವುದು ಅವಶ್ಯ.

ಅಂದದ ವಿಷಯದಲ್ಲಿ ರುಚಿ ಅವರವರದು. ತೆಳು ಗಡಿಯಾರಕ್ಕೆ ತೆಳು ಪಟ್ಟಿ, ದಪ್ಪ ಗಡಿಯಾರಕ್ಕೆ ದಪ್ಪನೆಯದು ಎಂಬುದನ್ನು ಮಾತ್ರ ನಾನು ಬಿಡಲಾರೆ. ಜನತಾದಂಥ ತೆಳುವಾದ ಗಡಿಯಾರಕ್ಕೆ ಹತ್ತಿ ತುಂಬಿ ದಿಂಬಿನಂತೆ ಉಬ್ಬಿಸಿದ ಪಟ್ಟಿಯನ್ನು ಹಾಕಿದರೆ, ಬಡಕಲು ಮನುಷ್ಯನಿಗೆ ದಪ್ಪ ಕಂಬಳಿ ಹೊದಿಸಿದಂತೆ ಕಾಣುತ್ತದೆ. ಕಂದು ಚರ್ಮ ಹೆಚ್ಚು ಕಡಮೆ ಎಲ್ಲ ಬಿಳಿಮುಖದ ಗಡಿಯಾರಗಳಿಗೂ ಒಪ್ಪುತ್ತದೆ. ಪಾದರಕ್ಷೆಯ ಬಣ್ಣಕ್ಕೂ ಪಟ್ಟಿಯ ಬಣ್ಣಕ್ಕೂ ಹೊಂದಿಕೆಯಿರಬೇಕೆಂಬ ಪಾಶ್ಚಾತ್ಯ ಪದ್ಧತಿಯನ್ನು, ಚಪ್ಪಲಿಯನ್ನು ಬಾಗಿಲಲ್ಲೇ ಬಿಡುವ ನಾವು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ.

ಹಳೆಯ ಪಟ್ಟಿಯನ್ನು ಬಿಸುಡುವಾಗ ಅದರ ಬಕಲನ್ನು ಒಮ್ಮೆ ನೋಡಿರಿ. ಹಳೆಯ ಗಡಿಯಾರಗಳ ಬಕಲಿನ ಮೇಲೆ ಮಾಡಿದವರ ಗುರುತು ಕೆತ್ತಿರುವುದುಂಟು. ರಿಪೇರಿಯವನ ಕಸದ ಡಬ್ಬಿಗೆ ಅದೂ ಪಟ್ಟಿಯೊಡನೆ ಹೋಗಿಬಿಡುತ್ತದೆ. ಬಕಲು ಸಹ ಒಂದು ಪಿನ್ನಿನ ಮೇಲೆಯೇ ನಿಂತಿರುವುದರಿಂದ ಅದನ್ನು ಬಿಡಿಸಿ ಹೊಸ ಪಟ್ಟಿಗೆ ಹಾಕಬಹುದು. ಹೊಸ ಪಟ್ಟಿ ಕೊಂಬಿನ ಕಡೆ ೧೮ ಮಿಲಿಮೀಟರ್ ಇದ್ದರೆ ಬಕಲಿನ ಕಡೆಗೆ ಕಿರಿದಾಗುತ್ತ ಬಂದು ಅನೇಕ ವೇಳೆ ೧೬ ಇರುತ್ತದೆ. ಹಳೆಯ ಬಕಲಿನ ಒಳ ಅಗಲವನ್ನೂ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅಂಗಡಿಯವನು ಎರಡಕ್ಕೂ ಸರಿಹೊಂದುವುದನ್ನು ಹುಡುಕಿಕೊಡುತ್ತಾನೆ.